ಕೋಟೆಯ ಕಲ್ಲು, ಮದುವೆ ಕಾರ್ಡು ಮತ್ತು ಫೋಟೊ ಫಾರ್ಮ್ಯಾಟ್‌ಗಳು

ಚಿತ್ರದುರ್ಗದಲ್ಲಿ ನನ್ನದು ಡಿಟಿಪಿ ಮತ್ತು ಫೋಟೊ ಕೆಲಸ. "ಅಣ್ಣ, ಇದರಲ್ಲಿ ನಮ್ಮ ಮದುವೆ ಫೋಟೊ ಇದಾವೆ, ಮೊಬೈಲಿಗೆ ಹಾಕಿಕೊಡಿ" ಅಂತ ಹಳೇ ಸಿಡಿ ತರುವವರು ಈಗಲೂ ಇದ್ದಾರೆ. ಒಳಗೆ ನೋಡಿದರೆ ಬಿಎಂಪಿ, ಟಿಫ್, ಅಪರೂಪಕ್ಕೆ ಪಿಸಿಎಕ್ಸ್, ಹೀಗೆ ಹಳೇ ಫಾರ್ಮ್ಯಾಟ್‌ಗಳ ಫೋಟೊ ಫೈಲುಗಳು. ಸಿಡಿ ಚೆನ್ನಾಗಿದ್ದರೆ ಸಾಕು, ಇರ್ಫಾನ್‌ವ್ಯೂ ಅನ್ನೋ ಫೋಟೊ ನೋಡುವ ಸಾಫ್ಟ್‌ವೇರ್ ಇವನ್ನೆಲ್ಲ ಸಲೀಸಾಗಿ ತೆರೆಯುತ್ತದೆ. ಆದರೆ ಐಫೋನಿನ ಎಚ್‌ಇಐಸಿ ಫೋಟೊ ತೆರೆಯಲು ನನ್ನ ಹಳೇ ಕಂಪ್ಯೂಟರಿಗೆ ಬೇರೆ ಕೋಡೆಕ್ (ಆ ಫಾರ್ಮ್ಯಾಟ್ ಓದಿಸುವ ಪುಟ್ಟ ಸಾಫ್ಟ್‌ವೇರ್) ಹಾಕಬೇಕಾಯಿತು.

ಯಾವ ಫಾರ್ಮ್ಯಾಟ್ ಎಷ್ಟು ಒಳ್ಳೆಯದು ಅಂತ ಕಣ್ಣಾರೆ ನೋಡಬೇಕಿತ್ತು. ಕೋಟೆ ಗೋಡೆಯ ಒಂದು ಫೋಟೊ ತೆಗೆದುಕೊಂಡೆ, 4000 x 3000 ಪಿಕ್ಸೆಲ್. ಬಿಎಂಪಿಯಲ್ಲಿ ಒಂದು ಪಿಕ್ಸೆಲ್‌ಗೆ 3 ಬೈಟ್, ಹಾಗಾಗಿ ಗುಣಿಸಿದರೆ ಸುಮಾರು 36 ಎಂಬಿ. ಒಂದು ಚೂರೂ ಕಳೆಯುವುದಿಲ್ಲ, ಆದರೆ ಜಾಗ ತಿನ್ನುತ್ತದೆ. 1987ರ ಜಿಫ್‌ನಲ್ಲಿ ಬರೀ 256 ಬಣ್ಣ. ಆಕಾಶದ ನೀಲಿ ಪಟ್ಟಿ ಪಟ್ಟಿಯಾಗಿ ಒಡೆಯಿತು. ಜಿಫ್‌ನಲ್ಲಿ ಫೈಲಿನ ಸೈಜು ಇಳಿಸಲು ಬಳಸಿದ್ದ ಎಲ್‌ಝಡ್‌ಡಬ್ಲ್ಯು ವಿಧಾನದ ಪೇಟೆಂಟಿಗೆ ದುಡ್ಡು ಕೇಳಿದ್ದರಿಂದಲೇ 1996ರಲ್ಲಿ ಪಿಎನ್‌ಜಿ ಬಂತು. ಅದರಲ್ಲಿ ಬಣ್ಣಕ್ಕೂ ಕೊರತೆಯಿಲ್ಲ, ವಿವರವೂ ಹೋಗುವುದಿಲ್ಲ.

ನಿಜವಾದ ಪೈಪೋಟಿ ಜೆಪೆಗ್ ಮತ್ತು ಅದಕ್ಕಿಂತ ಹೊಸ ಫಾರ್ಮ್ಯಾಟ್‌ಗಳಾದ ವೆಬ್‌ಪಿ, ಎವಿಐಎಫ್ ನಡುವೆ. ಸೈಜು ತುಂಬಾ ಇಳಿಸಿದಾಗ ಜೆಪೆಗ್‌ನಲ್ಲಿ 8 x 8 ಪಿಕ್ಸೆಲ್‌ನ ಚೌಕಗಳು ಎದ್ದು ಕಂಡವು. ಅಷ್ಟೇ ಸೈಜಿನ ಎವಿಐಎಫ್ ಆಕಾಶ ಎಷ್ಟು ನುಣುಪಾಗಿತ್ತು ಅಂದರೆ ನಂಬೋದು ಕಷ್ಟ! ಆದರೆ ಕಲ್ಲೂ ನುಣುಪಾಗಿತ್ತು. ಉಳಿಯ ಗುರುತು, ಕಲ್ಲಿನ ತರಿ ಎಲ್ಲಾ ಒರೆಸಿದ ಹಾಗೆ. ನಮ್ಮ ಕೋಟೆಯ ಫೋಟೊದಲ್ಲಿ ಬೇಕಾಗಿದ್ದೇ ಅದು ಅಲ್ವಾ? ಕ್ವಾಲಿಟಿ ಏರಿಸಿದ ಮೇಲೆ ತರಿ ವಾಪಸ್ ಬಂತು. ವೆಬ್‌ಪಿಯನ್ನು ಮದುವೆ ಕಾರ್ಡಿನ ಮೇಲೂ ನೋಡಿದೆ. ಕೆಂಪಕ್ಷರದ ಅಂಚು ಮಸುಕಾಯಿತು. ಲಾಸಿ (ಅಂದರೆ ಸ್ವಲ್ಪ ವಿವರ ಬಿಟ್ಟು ಸೈಜು ಇಳಿಸುವ) ವೆಬ್‌ಪಿ ಬಣ್ಣದ ವಿವರವನ್ನು ಅಗಲ, ಎತ್ತರ ಎರಡರಲ್ಲೂ ಅರ್ಧಕ್ಕೆ ಇಳಿಸುತ್ತದೆ, ಅದೇ ಕಾರಣ. ಕಾರ್ಡು, ಲೋಗೊಗಳಿಗೆ ಪಿಎನ್‌ಜಿಯೇ ಸರಿ.

ಈಗ ಸಿಡಿ ತಂದವರಿಗೆ ಎರಡು ಫೋಲ್ಡರ್ ಮಾಡಿಕೊಡುತ್ತೇನೆ. ಒಂದರಲ್ಲಿ ಮೂಲ ಫೈಲು ಇದ್ದ ಹಾಗೇ, ಜೊತೆಗೆ ಅದರ ಪಿಎನ್‌ಜಿ. ಮೂಲವೇ ಜೆಪೆಗ್ ಆಗಿದ್ದರೆ ಸುಮ್ನೆ ಕಾಪಿ, ವಿವರ ಇನ್ನಷ್ಟು ಹೋಗದಿರಲಿ ಅಂತ ಮತ್ತೆ ಸೇವ್ ಮಾಡುವುದಿಲ್ಲ. ಇನ್ನೊಂದರಲ್ಲಿ ವಾಟ್ಸಾಪಿಗೆ ಆಗುವಂಥ ಚಿಕ್ಕ ಜೆಪೆಗ್. ಎವಿಐಎಫ್ ನನಗೆ ಇಷ್ಟವೇ, ಆದರೆ ಮನೆಯ ಹಳೇ ಟಿವಿಗೆ ಪೆನ್‌ಡ್ರೈವ್ ಹಾಕಿ ನೋಡುವವರಿಗೆ ಕೊಡುವುದಿಲ್ಲ.