ತವರು, ಗುಳೆ, ತಾಯಿ ಕಾರ್ಡ್: ಊರು ಬದಲಾದರೂ ಸೌಲಭ್ಯ ತಪ್ಪದಂತೆ ನೋಡಿಕೊಳ್ಳುವುದು ಹೇಗೆ

ಯಾದಗಿರಿ ಜಿಲ್ಲೆಯ ಹಳ್ಳಿ, ತಾಂಡಾಗಳಲ್ಲಿ ಗರ್ಭಿಣಿಯರಿಗೂ ಸಣ್ಣ ಮಕ್ಕಳಿಗೂ ಇರುವ ಸರ್ಕಾರಿ ಯೋಜನೆಗಳು ಕಡಿಮೆಯೇನಲ್ಲ. ಆದರೆ ತಾಯಿಯಾದವಳು ವರ್ಷವಿಡೀ ಒಂದೇ ಊರಿನಲ್ಲಿರುತ್ತಾಳೆ ಎಂದುಕೊಂಡೇ ಅವುಗಳಲ್ಲಿ ಹೆಚ್ಚಿನವನ್ನು ರೂಪಿಸಿದಂತಿದೆ. ಇಲ್ಲಿನ ಬದುಕು ಹಾಗಿಲ್ಲ. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರುತ್ತಾಳೆ. ತೊಗರಿ ರಾಶಿ ಮುಗಿದ ಮೇಲೆ ಎಷ್ಟೋ ಕುಟುಂಬಗಳು ಬೆಂಗಳೂರು, ಪುಣೆ, ಮುಂಬೈ ಕಡೆಗೆ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತವೆ. ಗಂಡನ ಊರಿನ ಅಂಗನವಾಡಿಯಲ್ಲಿ ಹೆಸರಿದ್ದವಳು ತವರೂರಿನ ಲೆಕ್ಕಕ್ಕೆ ಬಾರದೆ ಉಳಿಯುವುದೂ, ಕೂಸಿನ ಲಸಿಕೆ ನಡುವೆ ತಪ್ಪುವುದೂ ಈ ಓಡಾಟದಲ್ಲಿಯೇ. ಆದ್ದರಿಂದ ಊರು ಬಿಡುವ ಮುನ್ನ ಮತ್ತು ಹೊಸ ಊರು ಸೇರಿದ ಕೂಡಲೇ ಮಾಡಬೇಕಾದ ಕೆಲಸಗಳಿಗೆ ಇಲ್ಲಿ ಹೆಚ್ಚು ಒತ್ತು ಕೊಟ್ಟಿದೆ. ಆಶಾ ಕಾರ್ಯಕರ್ತೆಯರು, ಸ್ವಸಹಾಯ ಸಂಘದ ಸದಸ್ಯೆಯರು, ಮನೆಯಲ್ಲಿ ಓದು ಬಲ್ಲ ಯಾರಾದರೂ ಇದನ್ನು ಬಳಸಿಕೊಳ್ಳಬಹುದು.

ಮುಟ್ಟು ನಿಂತದ್ದು ಖಚಿತವಾದರೆ 12 ವಾರದೊಳಗೆ ಉಪಕೇಂದ್ರದಲ್ಲಿ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೆಸರು ನೋಂದಾಯಿಸಿ ತಾಯಿ ಕಾರ್ಡ್ ಪಡೆಯಬೇಕು. ಮೂರು ತಿಂಗಳು ತುಂಬುವವರೆಗೆ ವಿಷಯ ಹೊರಗೆ ಬಿಡಬಾರದೆಂಬ ರೂಢಿ ಅನೇಕ ಮನೆಗಳಲ್ಲಿದೆ. ನೆರೆಹೊರೆಗೆ ಹೇಳದಿದ್ದರೂ ಆಶಾ ಕಾರ್ಯಕರ್ತೆಗೆ ಹೇಳಲೇಬೇಕು. ಕಾರ್ಡ್ ಕೈಗೆ ಬಂದಾಗ ಅಲ್ಲಿಯೇ ನಿಂತು ಮೂರು ವಿಷಯ ನೋಡಿಕೊಳ್ಳಬೇಕು: ಕೊನೆಯ ಮುಟ್ಟಿನ ದಿನಾಂಕ, ಹೆರಿಗೆಯ ಅಂದಾಜು ದಿನಾಂಕ ಮತ್ತು ಆರ್‌ಸಿಎಚ್ (ತಾಯಿ-ಮಕ್ಕಳ ಆರೋಗ್ಯ ದಾಖಲೆಯ) ಸಂಖ್ಯೆ. ಬೇರೆ ಊರಿನ ಆಸ್ಪತ್ರೆಯವರು ಹಿಂದಿನ ದಾಖಲೆಯನ್ನು ಹುಡುಕುವುದು ಈ ಸಂಖ್ಯೆಯಿಂದಲೇ. ತೂಕ, ರಕ್ತದೊತ್ತಡ, ಹಿಮೋಗ್ಲೋಬಿನ್ ಅಂಕಣಗಳು ಪ್ರತಿ ತಪಾಸಣೆಯಲ್ಲೂ ತುಂಬಬೇಕು. ಖಾಲಿ ಉಳಿದಿದ್ದರೆ ಸಿಸ್ಟರ್ ಹತ್ತಿರ ಕೇಳಿ ಬರೆಸಿಕೊಳ್ಳುವುದರಲ್ಲಿ ಸಂಕೋಚ ಬೇಡ. ಕಾರ್ಡ್ ಹಾಳಾಗಬಾರದೆಂದು ಕೆಲವರು ಅದಕ್ಕೆ ಲ್ಯಾಮಿನೇಶನ್ ಮಾಡಿಸುತ್ತಾರೆ. ಹಾಗೆ ಮಾಡಿದರೆ ಮುಂದಿನ ತಪಾಸಣೆಯಲ್ಲಿ ಅದರ ಮೇಲೆ ಬರೆಯಲು ಬರುವುದಿಲ್ಲ. ಪ್ಲಾಸ್ಟಿಕ್ ಕವರಿನಲ್ಲಿಟ್ಟು, ಪ್ರತಿ ಪುಟದ ಫೋಟೊವನ್ನು ಮನೆಯ ಎರಡು ಮೊಬೈಲ್‌ಗಳಲ್ಲಿ ಉಳಿಸಿಕೊಂಡರೆ ಸಾಕು.

ಕನಿಷ್ಠ ನಾಲ್ಕು ತಪಾಸಣೆಗಳು ಆಗಬೇಕು. ಪ್ರತಿ ತಿಂಗಳ 9ನೇ ತಾರೀಖಿನಂದು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ವೈದ್ಯರಿಂದಲೇ ಗರ್ಭಿಣಿಯರ ಉಚಿತ ತಪಾಸಣೆ ನಡೆಯುವ ವ್ಯವಸ್ಥೆ 2016ರಿಂದ ಇದೆ. ನಮ್ಮ ಭಾಗದಲ್ಲಿ ಮುಖ್ಯವಾಗಿ ಕಾಡುವುದು ರಕ್ತಹೀನತೆ. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ ಎಂದೂ, 7ಕ್ಕಿಂತ ಕೆಳಗಿಳಿದರೆ ತೀವ್ರ ರಕ್ತಹೀನತೆ ಎಂದೂ ತಿಳಿಯಬೇಕು; ಎರಡನೆಯ ಸ್ಥಿತಿಯಲ್ಲಿ ಹಳ್ಳಿಯ ಮಟ್ಟದ ಚಿಕಿತ್ಸೆ ಸಾಲದು, ದೊಡ್ಡ ಆಸ್ಪತ್ರೆಗೆ ಹೋಗಲೇಬೇಕು. ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ಕಬ್ಬಿಣಾಂಶದ ಮಾತ್ರೆ ನುಂಗಬೇಕು. ಮಲ ಕಪ್ಪಾಗುತ್ತದೆಂದೋ, ಹೊಟ್ಟೆ ತೊಳಸುತ್ತದೆಂದೋ ಅರ್ಧಕ್ಕೆ ಬಿಡುವವರು ಬಹಳ. ಕಪ್ಪಾಗುವುದು ಸಹಜ, ಹೊಟ್ಟೆ ತೊಳಸಿದರೆ ರಾತ್ರಿ ಊಟವಾದ ಮೇಲೆ ನುಂಗಬಹುದು. ಆದರೆ ಮಾತ್ರೆಯ ಹಿಂದೆಮುಂದೆ ಚಹಾ ಕುಡಿದರೆ ಅದು ಮೈಗೆ ಹತ್ತುವುದಿಲ್ಲ ಎಂಬುದನ್ನು ಅತ್ತೆ, ತಾಯಂದಿರಿಗೂ ತಿಳಿಸಬೇಕು, ಏಕೆಂದರೆ ಚಹಾ ಕಾಸಿ ಕೊಡುವವರು ಅವರೇ. ಊರು ಬಿಡುವವಳು ಮುಂದಿನ ಎರಡು ತಿಂಗಳಿಗಾಗುವಷ್ಟು ಮಾತ್ರೆ ಕೇಳಿ ಪಡೆಯುವುದು ಒಳ್ಳೆಯದು.

ತವರಿಗೆ ಹೊರಡುವ ಮುಂಚೆ ಗಂಡನ ಊರಿನ ಅಂಗನವಾಡಿ ಕಾರ್ಯಕರ್ತೆಗೆ ತಿಳಿಸಿ, ಅಂಗನವಾಡಿಯ ದಾಖಲೆಗಳಿರುವ ಪೋಷಣ್ ಟ್ರ್ಯಾಕರ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ಹೆಸರನ್ನು ತವರೂರಿನ ಕೇಂದ್ರಕ್ಕೆ ವರ್ಗಾಯಿಸುವಂತೆ ಕೇಳಬೇಕು. ಅದಕ್ಕೆ ಬೇಕಾಗುವುದು ತಾಯಿಯ ಆಧಾರ್ ಸಂಖ್ಯೆ. ಕೂಸಿಗೆ ಆಧಾರ್ ಇಲ್ಲದಿದ್ದರೂ ತಾಯಿಯ ಸಂಖ್ಯೆಯ ಮೇಲೆಯೇ ಸೇವೆ ಸಿಗುತ್ತದೆ. ಮಾತೃಪೂರ್ಣ ಯೋಜನೆಯ ಬಿಸಿಯೂಟ ಗರ್ಭಿಣಿಗೂ ಆರು ತಿಂಗಳವರೆಗಿನ ಬಾಣಂತಿಗೂ ಸಲ್ಲುವಂಥದ್ದು. 2017ರ ಅಕ್ಟೋಬರ್‌ನಲ್ಲಿ ರಾಜ್ಯದಾದ್ಯಂತ ಆರಂಭವಾದ ಈ ಯೋಜನೆಯಲ್ಲಿ ಅನ್ನ, ಸಾಂಬಾರಿನ ಜೊತೆ ಮೊಟ್ಟೆ, ಹಾಲು, ಶೇಂಗಾ ಚಿಕ್ಕಿಯೂ ಇರುತ್ತವೆ. ಪಡಿತರ ಚೀಟಿ ಬೇರೆ ಊರಿನದು ಎಂಬ ಕಾರಣಕ್ಕೆ ತಪಾಸಣೆಯನ್ನಾಗಲಿ ಲಸಿಕೆಯನ್ನಾಗಲಿ ಯಾರೂ ನಿರಾಕರಿಸುವಂತಿಲ್ಲ.

ಹೆರಿಗೆ ಎಲ್ಲಿ ಎಂಬುದನ್ನು ಎಂಟನೆಯ ತಿಂಗಳಲ್ಲಿಯೇ ನಿರ್ಧರಿಸಬೇಕು. ರಕ್ತಸ್ರಾವ, ಮುಖ ಬಾವು, ಕಣ್ಣು ಮಂಜಾಗುವುದು, ತಾಳಲಾರದ ತಲೆನೋವು, ಫಿಟ್ಸ್, ಕೂಸಿನ ಚಲನೆ ಕಡಿಮೆಯಾಗುವುದು, ಇವುಗಳಲ್ಲಿ ಯಾವುದು ಕಂಡರೂ ನೋವು ಬರಲಿ ಎಂದು ಕಾಯದೆ 108ಕ್ಕೆ ಕರೆ ಮಾಡಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ರಕ್ತ, ಪರೀಕ್ಷೆ, ಊಟ, ಮನೆಗೆ ಮರಳುವ ವಾಹನ ಇವೆಲ್ಲ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಉಚಿತ. ಕೂಸಿಗೆ ಒಂದು ವರ್ಷದವರೆಗೂ ಚಿಕಿತ್ಸೆ ಉಚಿತ. ಬಿಪಿಎಲ್ ಕುಟುಂಬದ ಗ್ರಾಮೀಣ ತಾಯಿಗೆ ಜನನಿ ಸುರಕ್ಷಾ ಯೋಜನೆಯಿಂದ 700 ರೂಪಾಯಿ ಸಲ್ಲುತ್ತದೆ.

ಮಾತೃವಂದನಾ ಯೋಜನೆಯ ಹಣ ದೊಡ್ಡದು, ತೊಡಕೂ ಅಷ್ಟೇ ದೊಡ್ಡದು. ಮೊದಲ ಮಗುವಿಗೆ 5000 ರೂಪಾಯಿ ಎರಡು ಕಂತಿನಲ್ಲಿ ಬರುತ್ತದೆ: ನೋಂದಣಿಯಾಗಿ ಕನಿಷ್ಠ ಒಂದು ತಪಾಸಣೆ ಮುಗಿದ ಮೇಲೆ 3000, ಜನನ ನೋಂದಣಿಯಾಗಿ ಮೊದಲ ಸುತ್ತಿನ ಲಸಿಕೆಗಳು ಮುಗಿದ ಮೇಲೆ 2000. ಎರಡನೆಯದು ಹೆಣ್ಣುಮಗುವಾದರೆ ಒಂದೇ ಕಂತಿನಲ್ಲಿ 6000. ಹಣ ತಾಯಿಯ ಸ್ವಂತ ಖಾತೆಗೇ ಬರುವುದರಿಂದ ಗಂಡನ ಪಾಸ್‌ಬುಕ್ ನಡೆಯುವುದಿಲ್ಲ, ಆ ಖಾತೆಗೆ ಆಧಾರ್ ಜೋಡಣೆಯೂ ಆಗಿರಬೇಕು. ಹೆಚ್ಚಿನ ಅರ್ಜಿಗಳು ನಿಲ್ಲುವುದು ಇಂಥ ಸಣ್ಣ ಕಾರಣಗಳಿಗೆ. ಆಧಾರ್‌ನಲ್ಲಿ ತಂದೆಯ ಹೆಸರು, ಪಾಸ್‌ಬುಕ್‌ನಲ್ಲಿ ಗಂಡನ ಹೆಸರು ಇರುವ ವ್ಯತ್ಯಾಸವನ್ನು ಗರ್ಭ ನಿಂತ ಆರಂಭದಲ್ಲಿಯೇ ಸರಿಪಡಿಸಿಕೊಂಡರೆ ಮುಂದೆ ಅಲೆದಾಟ ಉಳಿಯುತ್ತದೆ.

ಜನನ ಪ್ರಮಾಣಪತ್ರ ಸಿಗುವುದು ಮಗು ಹುಟ್ಟಿದ ಊರಿನಲ್ಲಿ, ಸ್ವಂತ ಊರಿನಲ್ಲಲ್ಲ. ಪುಣೆಯಲ್ಲಿ ಹುಟ್ಟಿದ ಕೂಸಿಗೆ ಶಹಾಪುರದಲ್ಲಿ ಪ್ರಮಾಣಪತ್ರ ಕೇಳಿದರೆ ಸಿಗದು. ಆದ್ದರಿಂದ ಅಲ್ಲಿಂದ ಹೊರಡುವ ಮೊದಲೇ ಪಡೆಯಬೇಕು. 21 ದಿನದೊಳಗೆ ನೋಂದಣಿ ಉಚಿತ, ಆಮೇಲೆ ಶುಲ್ಕ, ಪರವಾನಗಿ ಎಂದು ತೊಡಕು ಬೆಳೆಯುತ್ತದೆ. ತೊಟ್ಟಿಲಿಗೆ ಹಾಕಿಲ್ಲ, ಹೆಸರಿಟ್ಟಿಲ್ಲ ಎಂದು ಕಾಯಬೇಕಾಗಿಲ್ಲ. ಹೆಸರನ್ನು 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು.

ಲಸಿಕೆಯ ವಿಷಯದಲ್ಲಿ ನೆನಪಿಡಬೇಕಾದದ್ದು ಹುಟ್ಟಿದಾಗ, 6, 10, 14 ವಾರ, 9 ತಿಂಗಳು, 16ರಿಂದ 24 ತಿಂಗಳು ಎಂಬ ವೇಳೆಗಳು. ಒಂದು ತಪ್ಪಿತೆಂದು ಉಳಿದದ್ದನ್ನು ಬಿಡಬಾರದು. ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದುವರಿಸುತ್ತಾರೆ.

ಗುಳೆಯಿಂದ ಮರಳಿದ ಮಕ್ಕಳನ್ನು ಬಂದ ವಾರದಲ್ಲಿಯೇ ಅಂಗನವಾಡಿಗೆ ಕರೆದೊಯ್ದು ತೂಕ ಮಾಡಿಸಿ, ತೋಳು ಅಳೆಸಬೇಕು. ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಗುವಿನ ಎಡ ತೋಳಿನ ನಡುಭಾಗಕ್ಕೆ ಬಣ್ಣದ ಗುರುತುಗಳಿರುವ ಅಳತೆ ಪಟ್ಟಿಯನ್ನು ಬಿಗಿಯಾಗಿಯೂ ಅಲ್ಲದೆ ಸಡಿಲವಾಗಿಯೂ ಅಲ್ಲದೆ ಸುತ್ತಿದಾಗ 11.5 ಸೆಂಟಿಮೀಟರಿಗಿಂತ ಕಡಿಮೆ ಬಂದು ಕೆಂಪು ಬಣ್ಣ ಕಂಡರೆ ಅದು ತೀವ್ರ ಅಪೌಷ್ಟಿಕತೆ. ಎರಡೂ ಪಾದಗಳಲ್ಲಿ ಬಾವು ಇದ್ದರೆ ಅಳತೆ ಎಷ್ಟೇ ಬರಲಿ, ಅದೂ ಅಷ್ಟೇ ಗಂಭೀರ; ಬಾವನ್ನು ಮಗು ಮೈ ತುಂಬಿಕೊಂಡಿದೆ ಎಂದು ತಿಳಿದು ಸುಮ್ಮನಿರುವ ಅಪಾಯವಿದೆ. ಇಂಥ ಮಕ್ಕಳನ್ನು ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ ತಾಯಿಯೊಂದಿಗೆ 14 ದಿನ ಇರಿಸಿಕೊಂಡು ಉಚಿತವಾಗಿ ಆರೈಕೆ ಮಾಡುತ್ತಾರೆ, ತಾಯಿಯ ಕೂಲಿ ನಷ್ಟಕ್ಕೆ ಭತ್ಯೆಯನ್ನೂ ಕೊಡುತ್ತಾರೆ. ತಾಯಂದಿರು ಹೋಗಲು ಒಪ್ಪದಿರುವುದಕ್ಕೆ ಅಜ್ಞಾನ ಕಾರಣವೆಂದು ಹೇಳಿಬಿಡುವುದು ಸುಲಭ. ಮನೆಯಲ್ಲಿ ಉಳಿದ ಮಕ್ಕಳಿಗೆ ರೊಟ್ಟಿ ಬಡಿದು ಹಾಕುವವರು ಯಾರು ಎಂಬ ಪ್ರಶ್ನೆಯೇ ಮುಖ್ಯವಾದದ್ದು. ಆ ಎರಡು ವಾರಕ್ಕೆ ಅಜ್ಜಿಯನ್ನೋ ಚಿಕ್ಕಮ್ಮನನ್ನೋ ಒಪ್ಪಿಸುವುದು ಕಾರ್ಯಕರ್ತೆಯ ಮೊದಲ ಕೆಲಸವಾಗಬೇಕು.

ಗರ್ಭಿಣಿ 18 ತುಂಬದ ಹುಡುಗಿಯಾಗಿದ್ದರೆ ಆಸ್ಪತ್ರೆಯವರು ಕಾನೂನಿನ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಆ ಭಯಕ್ಕೆ ಆಕೆಯನ್ನು ಮನೆಯಲ್ಲಿಯೇ ಮುಚ್ಚಿಡುವುದು ಆಕೆಯ ಜೀವಕ್ಕೇ ಕುತ್ತು. ಚಿಕಿತ್ಸೆಯನ್ನು ಯಾರೂ ನಿರಾಕರಿಸುವಂತಿಲ್ಲ. ಮಕ್ಕಳ ಸಹಾಯವಾಣಿ 1098, ಮಹಿಳಾ ಸಹಾಯವಾಣಿ 181 ಎರಡೂ ಉಚಿತ ಕರೆಗಳು.

ಊಟ, ಹಣ ಅಥವಾ ದಾಖಲೆ ತಡವಾದರೆ ಮೊದಲು ಅಂಗನವಾಡಿ ಮೇಲ್ವಿಚಾರಕಿಗೆ, ಆಮೇಲೆ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ, ಆಸ್ಪತ್ರೆಯ ವಿಷಯವಾದರೆ ತಾಲ್ಲೂಕು ಆರೋಗ್ಯಾಧಿಕಾರಿಗೆ ಬರೆಯಬೇಕು. ಬಾಯಿಮಾತಿನ ದೂರಿಗೆ ಕಚೇರಿಯಲ್ಲಿ ಬೆಲೆಯಿಲ್ಲ. ಒಂದು ಪುಟದಲ್ಲಿ ತಾಯಿಯ ಹೆಸರು, ಆರ್‌ಸಿಎಚ್ ಸಂಖ್ಯೆ, ಅಂಗನವಾಡಿ ಕೇಂದ್ರ, ಯಾವ ಸೌಲಭ್ಯ ಯಾವ ತಿಂಗಳಿನಿಂದ ನಿಂತಿದೆ ಎಂಬುದನ್ನು ಬರೆದು, ಎರಡು ಪ್ರತಿ ಮಾಡಿ, ಒಂದರ ಮೇಲೆ ದಿನಾಂಕದೊಂದಿಗೆ ಕಚೇರಿಯ ಮೊಹರು ಹಾಕಿಸಿಕೊಂಡು ತಾಯಿ ಕಾರ್ಡಿನ ಜೊತೆಗೇ ಇಡಬೇಕು.