ಎರಡು ಬುಟ್ಟಿ, ಒಂದೇ ಗಾಡಿ

ರಾಯಚೂರಿನಲ್ಲಿರುವ ನಮ್ಮ ವಿಶ್ವವಿದ್ಯಾಲಯದ ಆವರಣದ ಕಸ ವಿಂಗಡಣೆಯ ಹೊಣೆ ನನಗೆ ಬಂದಾಗ, ಹಸಿ ಕಸಕ್ಕೆ ಹಸಿರು, ಒಣ ಕಸಕ್ಕೆ ನೀಲಿ ಬುಟ್ಟಿಗಳು ಪ್ರತಿ ವಿಭಾಗದ ಮುಂದೆಯೂ ಆಗಲೇ ಇದ್ದವು. ಆದರೆ ಎರಡರಲ್ಲೂ ಒಂದೇ ಬಗೆಯ ಕಸವಿರುತ್ತಿತ್ತು. ವಿದ್ಯಾರ್ಥಿಗಳಿಗೆ ತಿಳಿವಳಿಕೆ ಸಾಲದೆಂದು ಭಾವಿಸಿ ಭಿತ್ತಿಪತ್ರ ಅಂಟಿಸುವುದರಲ್ಲಿ, ತರಗತಿಗಳಿಗೆ ಹೋಗಿ ಮಾತನಾಡುವುದರಲ್ಲಿ ನಾನು ಎರಡು ತಿಂಗಳು ಕಳೆದೆ. ಒಂದು ದಿನ ನಸುಕಿನಲ್ಲಿ ಕಸ ಎತ್ತುವವರ ಜೊತೆ ಸುತ್ತಿದಾಗ ಕಾರಣ ಕಣ್ಣೆದುರೇ ಇತ್ತು: ಎರಡೂ ಬುಟ್ಟಿಗಳನ್ನು ಒಂದೇ ತಳ್ಳುಗಾಡಿಗೆ ಸುರಿಯುತ್ತಿದ್ದರು. "ಗಾಡಿ ಒಂದೇ ಐತ್ರಿ ಸರ್, ಬ್ಯಾರೆ ಬ್ಯಾರೆ ಎಲ್ಲಿ ಹಾಕೂಣ್ರಿ?" ಎಂದು ಹಿರಿಯ ಕೆಲಸಗಾರ್ತಿಯೊಬ್ಬರು ಕೇಳಿದರು. ಇದನ್ನು ದಿನವೂ ನೋಡುತ್ತಿದ್ದ ವಿದ್ಯಾರ್ಥಿಗಳು ನನ್ನ ಭಿತ್ತಿಪತ್ರವನ್ನು ನಂಬದಿದ್ದುದರಲ್ಲಿ ತಪ್ಪೇನೂ ಇರಲಿಲ್ಲ.

ಬುಟ್ಟಿಗಳ ಚಿಂತೆ ಬಿಟ್ಟು, ಕಸ ಕೊನೆಗೆ ತಲುಪುವ ಜಾಗದಿಂದ ಕೆಲಸ ಆರಂಭಿಸಿದೆವು. ಗಾಡಿಗೆ ತಗಡಿನ ಅಡ್ಡಗೋಡೆ ಹಾಕಿಸಿ, ಹಳೆಯ ಸೈಕಲ್ ಶೆಡ್ಡನ್ನು ಒಣ ಕಸಕ್ಕೆ ಬಿಟ್ಟುಕೊಟ್ಟೆವು. ಬಿಳಿ ಕಾಗದ, ರಟ್ಟು, ನೀರಿನ ಬಾಟಲಿ ಬೇರೆಯಾಗಿದ್ದರೆ ಮಾತ್ರ ದರ ಸಿಗುತ್ತದೆ, ಸಾಂಬಾರು ತಾಗಿದ ಕಾಗದಕ್ಕೆ ಕಾಸಿಲ್ಲ ಎಂಬುದನ್ನು ಗುಜರಿ ವ್ಯಾಪಾರಿಯಿಂದಲೇ ಕಲಿತೆವು. ಆ ಹಣವನ್ನು ಕಸ ಎತ್ತುವವರೇ ಹಂಚಿಕೊಳ್ಳುವಂತೆ ಮಾಡಿದ ಮೇಲೆ ವಿಂಗಡಣೆಯ ಮೇಲ್ವಿಚಾರಣೆಯೇ ಬೇಕಾಗಲಿಲ್ಲ. ಕಾಗದದ ಚಹಾ ಲೋಟವಂತೂ ಒಳಮೈಯ ಪ್ಲಾಸ್ಟಿಕ್ ಪದರದಿಂದಾಗಿ ರದ್ದಿಗೂ ಸಲ್ಲದು, ಗೊಬ್ಬರಕ್ಕೂ ಸಲ್ಲದು. ಕ್ಯಾಂಟೀನಿನಲ್ಲಿ ಸ್ಟೀಲ್ ಲೋಟ ಮರಳಿ ಬಂತು. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಹೇಳಿದ್ದ ಮೂರನೆಯ ವರ್ಗವನ್ನು, ಅಂದರೆ ಅಪಾಯಕಾರಿ ಕಸವಾದ ಬ್ಯಾಟರಿ, ಟ್ಯೂಬ್‌ಲೈಟ್, ಹಳೆಯ ಔಷಧಿಗಳನ್ನು, ಬೀಗವಿರುವ ಪೆಟ್ಟಿಗೆಯಲ್ಲಿ ಕೂಡಿಡುತ್ತೇವೆ.

ಹೆಚ್ಚು ಕಾಡಿದ್ದು ಹಾಸ್ಟೆಲ್ ಮೆಸ್ಸಿನ ಉಳಿಕೆ. ಅನ್ನ, ಸಾಂಬಾರನ್ನು ಹಾಗೆಯೇ ಗುಂಡಿಗೆ ಸುರಿದಾಗ ಒಳಗೆ ಗಾಳಿಯಾಡದೆ ನಾತ ಹೊಡೆಯಿತು, ವಾರ್ಡನ್ ದೂರು ಕೊಟ್ಟರು. ಊರಲ್ಲಿ ಅಕ್ಕಿ ಗಿರಣಿಗಳಿಗೆ ಕೊರತೆಯಿಲ್ಲವೆಂದು ಭತ್ತದ ಹೊಟ್ಟು ತಂದು ಬೆರೆಸಿದೆವು. ನಾತ ತಗ್ಗಿತು, ಆದರೆ ಸಿಲಿಕಾ ತುಂಬಿದ ಹೊಟ್ಟು ಬೇಗ ಕೊಳೆಯುವುದಿಲ್ಲವಾದ್ದರಿಂದ ತಿಂಗಳುಗಳ ಬಳಿಕವೂ ಹೊಟ್ಟು ಹೊಟ್ಟಾಗಿಯೇ ಉಳಿಯಿತು. ಕೊನೆಗೆ ಕೈಹಿಡಿದದ್ದು ಆವರಣದಲ್ಲೇ ಉದುರುವ ಬೇವು, ಹೊಂಗೆಯ ತರಗೆಲೆ. ಅವನ್ನು ಸುಡುವುದನ್ನು ನಿಲ್ಲಿಸಿ, ನೀರು ಬಸಿದ ಒಂದು ಬುಟ್ಟಿ ಉಳಿಕೆಗೆ ಎರಡು ಬುಟ್ಟಿ ಎಲೆಯಂತೆ ಪದರ ಹಾಕಿ, ನಡುವೆ ಸಗಣಿ ರಾಡಿ ಚಿಮುಕಿಸಿ, ವಾರಕ್ಕೊಮ್ಮೆ ತಿರುವಿದೆವು. 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಗುಂಡಿ ಒಣಗಿ ಗೊಬ್ಬರವಾಗುವುದು ನಿಂತೇಹೋಗುತ್ತದೆ. ಅದಕ್ಕೆ ಒದ್ದೆ ಗೋಣಿತಟ್ಟಿನ ಹೊದಿಕೆ ಬೇಕು. ಗುಂಡಿಯ ಮಿಶ್ರಣವನ್ನು ಹಿಡಿಯಲ್ಲಿ ಹಿಂಡಿದರೆ ಮುದ್ದೆಯಾಗಬೇಕು, ಆದರೆ ನೀರು ಸುರಿಯಬಾರದು.

ಇನ್ನೂ ಸುಧಾರಿಸದಿರುವುದು ನಮ್ಮ ಅಧ್ಯಾಪಕರ ಕೊಠಡಿಗಳು. ಬಾಳೆಹಣ್ಣಿನ ಸಿಪ್ಪೆಯೂ ಉತ್ತರಪತ್ರಿಕೆಯೂ ಒಂದೇ ಬುಟ್ಟಿಗೆ ಬೀಳುತ್ತವೆ. ಆ ಬುಟ್ಟಿಗಳನ್ನು ಈ ತಿಂಗಳು ತೆಗೆಸಿ, ಮಹಡಿಗೊಂದು ಜೋಡಿ ಬುಟ್ಟಿ ಇಡಿಸಿದ್ದೇವೆ. ಆಕ್ಷೇಪಣೆಗಳು ಲಿಖಿತವಾಗಿಯೇ ಬರುತ್ತಿವೆ.