ಚಿತ್ರಕಥೆಯ ಮೂಲಪುಟ: ಕೊಳ್ಳುವಾಗ, ಕಟ್ಟು ಹಾಕಿಸುವಾಗ

ಅಚ್ಚಾದ ಕಾಮಿಕ್ಸ್ ಪುಸ್ತಕ ಸಾವಿರಾರು ಮನೆಗಳಲ್ಲಿರುತ್ತದೆ. ಆದರೆ ಅದಕ್ಕಾಗಿ ಕಲಾವಿದರು ದಪ್ಪ ಹಾಳೆಯ ಮೇಲೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಂಡು, ಕಪ್ಪು ಶಾಯಿಯಲ್ಲಿ ತಿದ್ದಿ ಬರೆದ ಪುಟ ಒಂದೇ ಒಂದು. ಅದನ್ನು ಮನೆಗೆ ತಂದವರು ಅಕ್ಕರೆಯಿಂದಲೇ ಹಾಳುಮಾಡುವುದುಂಟು. ಅಂದವಾಗಿ ಕಾಣಲೆಂದು ಅಂಚು ಕತ್ತರಿಸುತ್ತಾರೆ, ಬಾಳಿಕೆ ಬರಲೆಂದು ಲ್ಯಾಮಿನೇಷನ್ ಮಾಡಿಸುತ್ತಾರೆ, ಸುಕ್ಕು ಬೀಳದಿರಲೆಂದು ಹಿಂಬದಿಯ ಹಲಗೆಗೆ ಪೂರ್ತಿಯಾಗಿ ಅಂಟಿಸುತ್ತಾರೆ. ಮುಂದೊಂದು ದಿನ ಬಿಚ್ಚಲು ಬಾರದ ಯಾವ ಕೆಲಸವನ್ನೂ ಪುಟದ ಮೇಲೆ ಮಾಡಬಾರದು. ಇಲ್ಲಿ ಹೇಳುವ ಹಂತಗಳೆಲ್ಲ ಈ ಒಂದು ನಿಯಮವನ್ನೇ ಅನುಸರಿಸುತ್ತವೆ.

ಮೊದಲ ಹಂತ ಆಯ್ಕೆ. ದಾವಣಗೆರೆಯವರು ದೂರ ಹೋಗುವ ಮೊದಲು ಊರಿನ ದೃಶ್ಯಕಲಾ ಮಹಾವಿದ್ಯಾಲಯದಲ್ಲಿ ಕಲಿತು ಚಿತ್ರಕಥೆ ಬರೆಯುತ್ತಿರುವವರು ಯಾರಿದ್ದಾರೆಂದು ವಿಚಾರಿಸಬಹುದು. ಪ್ರತಿವರ್ಷ ಜನವರಿಯಲ್ಲಿ ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತು ನಡೆಸುವ ಚಿತ್ರಸಂತೆಯಲ್ಲಿ ಕಲಾವಿದರನ್ನೇ ಮಾತನಾಡಿಸಿ ಕೊಳ್ಳಬಹುದು. ಈಗ ಅನೇಕರು ನೇರವಾಗಿ ಟ್ಯಾಬ್ಲೆಟ್ಟಿನಲ್ಲೇ ಬರೆಯುವುದರಿಂದ, ಸಹಿ ಹಾಕಿದ್ದೆಲ್ಲ ಮೂಲಪುಟವಲ್ಲ. ಭೂತಗನ್ನಡಿ ಹಿಡಿದು ನೋಡಿದಾಗ ಬೂದುಬಣ್ಣದ ಭಾಗವೆಲ್ಲ ಸಾಲುಸಾಲು ಚುಕ್ಕೆಗಳಾಗಿ ಕಂಡರೆ ಅದು ಬಹುಮಟ್ಟಿಗೆ ಅಚ್ಚಿನ ಪ್ರತಿ. ಮೂಲಪುಟದಲ್ಲಾದರೆ ಶಾಯಿಯ ಕೆಳಗೆ ಅಳಿಸಿದ ಪೆನ್ಸಿಲ್ ಗೆರೆಯ ನೆರಳು, ತಪ್ಪಿದ ಕಡೆ ಬಳಿದ ಬಿಳಿ ಬಣ್ಣ, ಬೇರೆ ಚೀಟಿಯಲ್ಲಿ ಬರೆದು ಅಂಟಿಸಿದ ಮಾತಿನ ಗುಳ್ಳೆ, ಮುದ್ರಕರಿಗೆಂದು ಅಂಚಿನಲ್ಲಿ ಬರೆದ ಅಳತೆ ಕಾಣಸಿಗುತ್ತವೆ. ಅಚ್ಚುಕೂಟದ ಕ್ಯಾಮೆರಾಕ್ಕೆ ಕಾಣದ ತಿಳಿನೀಲಿ ಪೆನ್ಸಿಲ್ಲಿನ ಗೆರೆಗಳೂ ಹಾಗೆಯೇ ಉಳಿದಿರಬಹುದು. ಇವನ್ನು ಕೊಳೆಯೆಂದು ಒರೆಸಬಾರದು, ಅಂಚನ್ನು ಕತ್ತರಿಸಬಾರದು. ಕಲಾವಿದರ ಕೈ ಹೇಗೆ ಓಡಿತು, ಎಲ್ಲಿ ತಡೆಯಿತು ಎಂಬುದು ತಿಳಿಯುವುದು ಈ ಗುರುತುಗಳಿಂದಲೇ, ಮತ್ತು ನನ್ನ ಮಟ್ಟಿಗೆ ಮೂಲಪುಟವನ್ನು ಕೊಳ್ಳಬೇಕಾದದ್ದೂ ಇವುಗಳಿಗಾಗಿಯೇ.

ಹಣ ಕೊಡುವಾಗ ರಸೀದಿಯ ಜೊತೆಗೆ ಪುಟ ಯಾವ ಕಥೆಯದು, ಎಂದು ಬರೆದದ್ದು, ಯಾವ ಹಾಳೆ, ಯಾವ ಶಾಯಿ ಎಂಬುದನ್ನೂ ಕಲಾವಿದರಿಂದ ಬರೆಸಿಕೊಳ್ಳುವುದು ಒಳ್ಳೆಯದು. ಪುಟ ನಿಮ್ಮದಾದ ಮಾತ್ರಕ್ಕೆ ಅದನ್ನು ಮರುಮುದ್ರಿಸುವ ಹಕ್ಕು ನಿಮ್ಮದಾಗುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಆ ಹಕ್ಕನ್ನು ಬರವಣಿಗೆಯಲ್ಲೇ ವರ್ಗಾಯಿಸಬೇಕು.

ಕಟ್ಟು (ಫ್ರೇಮ್) ಹಾಕಿಸುವ ಮೊದಲು ಪುಟವನ್ನು 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕೆ) ಎರಡೂ ಬದಿ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಆಮೇಲಿನ ಕೆಲಸವನ್ನು ಫ್ರೇಮ್ ಅಂಗಡಿಯವರಿಗೆ ಒಪ್ಪಿಸಿ ಬರುವ ಬದಲು ಎದುರಿಗೇ ನಿಂತು ಮಾಡಿಸಬೇಕು. ದೇವರ ಪಟಕ್ಕೆ ಕಟ್ಟು ಹಾಕುವ ರೂಢಿಯಲ್ಲಿ ಚಿತ್ರ ಗಾಜಿಗೆ ತಾಗಿಕೊಂಡೇ ಇರುತ್ತದೆ, ಅದರ ಹಿಂದೆ ಹಾರ್ಡ್‌ಬೋರ್ಡ್ ಅಥವಾ ಹಳೆಯ ರಟ್ಟು ಇರುತ್ತದೆ. ಆ ರಟ್ಟಿನ ಆಮ್ಲ ವರ್ಷಗಳು ಕಳೆದಂತೆ ಹಾಳೆಗೆ ಇಳಿದು ಅದನ್ನು ಹಳದಿಯಾಗಿಸುತ್ತದೆ. ಗಾಜಿಗೆ ತಾಗಿದ ಶಾಯಿ ತೇವಕ್ಕೆ ಅಂಟಿಕೊಳ್ಳುತ್ತದೆ. ಆದ್ದರಿಂದ ಹಿಂದೆ ಆಮ್ಲರಹಿತ ಬೋರ್ಡ್, ಮುಂದೆ ಪುಟ ಗಾಜಿಗೆ ತಾಗದಂತೆ ಅದೇ ಬಗೆಯ ಮೌಂಟ್ ಬೋರ್ಡಿನಲ್ಲಿ (ದಪ್ಪ ರಟ್ಟಿನ ಚೌಕಟ್ಟಿನಲ್ಲಿ) ಕೊರೆದ ಕಿಟಕಿ ಇರಲೇಬೇಕು. ಕಿಟಕಿಯನ್ನು ಚಿತ್ರದ ಗೆರೆಗೆ ಸರಿಯಾಗಿ ಕೊರೆಯದೆ, ಅಂಚಿನ ಬರಹವೂ ಕಾಣುವಷ್ಟು ದೊಡ್ಡದಾಗಿ ಕೊರೆಯಲು ಹೇಳಿ.

ಪುಟವನ್ನು ಬೋರ್ಡಿಗೆ ಹಿಡಿಸುವ ಬಗೆಗೆ ಹೆಚ್ಚು ಎಚ್ಚರ ಬೇಕು. ಸೆಲ್ಲೋಟೇಪಿನ ಅಂಟು ಹಾಳೆಯೊಳಗೆ ಇಳಿದು ಕಂದುಬಣ್ಣಕ್ಕೆ ತಿರುಗುತ್ತದೆ. ಮೈದಾ ಅಂಟಿನ ವಾಸನೆಗೆ ಹುಳು ಬರುತ್ತದೆ. ಬರಬಾರದೆಂದು ಅದಕ್ಕೆ ಮೈಲುತುತ್ತ ಬೆರೆಸುವ ಹಳೆಯ ಪದ್ಧತಿಯಿದೆ, ಆದರೆ ಆ ತಾಮ್ರದ ಲವಣ ಕಾಗದವನ್ನು ಕ್ರಮೇಣ ಪೆಡಸಾಗಿಸುತ್ತದೆ. ಆಮ್ಲರಹಿತ ಕಾಗದವನ್ನು ತ್ರಿಕೋನವಾಗಿ ಮಡಿಸಿ ನಾಲ್ಕು ಪುಟ್ಟ ಜೇಬುಗಳನ್ನು ಮಾಡಿ, ಆ ಜೇಬುಗಳನ್ನು ಮಾತ್ರ ಬೋರ್ಡಿಗೆ ಅಂಟಿಸಿ, ಪುಟದ ನಾಲ್ಕು ಮೂಲೆಗಳನ್ನು ಅವುಗಳೊಳಗೆ ಸೇರಿಸುವುದು ಎಲ್ಲಕ್ಕಿಂತ ಸುರಕ್ಷಿತ, ಏಕೆಂದರೆ ಪುಟಕ್ಕೆ ಒಂದು ಹನಿ ಅಂಟೂ ತಾಗುವುದಿಲ್ಲ. ಮೂಲೆ ಬಿಗಿಯಾಗಿ ಕೂರದೆ ಕೂದಲೆಳೆಯಷ್ಟು ಸಡಿಲವಿರಲಿ; ಮಳೆಗಾಲದಲ್ಲಿ ಕಾಗದ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ, ಜಾಗ ಸಿಗದಿದ್ದರೆ ಅಲೆಅಲೆಯಾಗಿ ಉಬ್ಬುತ್ತದೆ.

ಗಾಜಿನ ಬದಲು ನೇರಳಾತೀತ ಕಿರಣಗಳನ್ನು ತಡೆಯುವ ಅಕ್ರಿಲಿಕ್ ಹಾಳೆ ಹಾಕಿಸುವುದು ದುಬಾರಿಯಾದರೂ ಯೋಗ್ಯ. ಆದರೆ ಇದ್ದಿಲು ಅಥವಾ ಪೇಸ್ಟಲ್ ಬಳಸಿದ ಪುಟವಾದರೆ ಅಕ್ರಿಲಿಕ್ಕಿನ ಸ್ಥಾಯೀ ವಿದ್ಯುತ್ತು ಪುಡಿಯನ್ನು ಎಳೆದುಕೊಳ್ಳುವುದರಿಂದ ಗಾಜೇ ಮೇಲು.

ತೂಗುಹಾಕುವ ಗೋಡೆಯನ್ನು ನಮ್ಮ ಬಯಲುಸೀಮೆಯ ಬಿಸಿಲನ್ನು ನೋಡಿ ಆರಿಸಬೇಕು. ಇಂಗಾಲದಿಂದ ಮಾಡಿದ ಇಂಡಿಯನ್ ಇಂಕ್ ಬೆಳಕಿಗೆ ಬೇಗ ಮಾಸುವುದಿಲ್ಲ. ಮಾರ್ಕರ್ ಪೆನ್ನಿನ ಬಣ್ಣ, ಫೌಂಟನ್ ಪೆನ್ನಿನ ನೀಲಿ ಶಾಯಿ ಮಾತ್ರ ಕೆಲವೇ ಬೇಸಿಗೆಗಳಲ್ಲಿ ಕಳೆಗುಂದುತ್ತವೆ. ಕಿಟಕಿಯ ಎದುರಿನ ಗೋಡೆ, ಮಳೆನೀರು ಜಿನುಗುವ ಹೊರಗೋಡೆ, ಏರ್ ಕೂಲರ್ ಗಾಳಿ ನೇರವಾಗಿ ಬಡಿಯುವ ಜಾಗ, ಈ ಮೂರನ್ನೂ ಬಿಟ್ಟು ಒಳಗೋಡೆಗೆ ಹಾಕಿ, ಕಟ್ಟಿನ ಹಿಂದಿನ ಕೆಳಮೂಲೆಗಳಿಗೆ ಕಾರ್ಕಿನ ಚೂರು ಅಂಟಿಸಿದರೆ ಗೋಡೆಗೂ ಕಟ್ಟಿಗೂ ನಡುವೆ ಗಾಳಿಯಾಡುತ್ತದೆ.

ಗೋಡೆಗೆ ಹಾಕದ ಪುಟಗಳನ್ನು ಸುರುಳಿ ಸುತ್ತದೆ, ಪಿವಿಸಿ ಅಲ್ಲದ ಪಾಲಿಯೆಸ್ಟರ್ ಲಕೋಟೆಗಳಲ್ಲಿ ಸೇರಿಸಿ, ಉಕ್ಕಿನ ಬೀರುವಿನಲ್ಲಿ ಅಡ್ಡಲಾಗಿ ಮಲಗಿಸಿಡಬೇಕು. ನುಸಿಗುಳಿಗೆಯನ್ನು ಜೊತೆಯಲ್ಲಿಡುವುದು ಬೇಡ.

ಮಳೆಗಾಲ ಮುಗಿದ ಮೇಲೆ ವರ್ಷಕ್ಕೊಮ್ಮೆ ಎಲ್ಲವನ್ನೂ ಇಳಿಸಿ ನೋಡಿ. ಬೂಷ್ಟು ಕಂಡರೆ ಒದ್ದೆ ಬಟ್ಟೆಯಲ್ಲಿ ಒರೆಸದೆ, ಆ ಪುಟವನ್ನು ಉಳಿದವುಗಳಿಂದ ಬೇರ್ಪಡಿಸಿ, ನೆರಳಿನಲ್ಲಿ ಗಾಳಿಯಾಡುವ ಕಡೆ ಒಣಗಲು ಬಿಡಿ. ಕಿತ್ತುಬಂದ ಮಾತಿನ ಗುಳ್ಳೆಯನ್ನು ನೀವೇ ಅಂಟಿಸದೆ, ಅದನ್ನು ಪುಟ್ಟ ಲಕೋಟೆಯಲ್ಲಿ ಹಾಕಿ, ಪುಟವನ್ನು ಅದಕ್ಕಿಂತ ದೊಡ್ಡದಾದ ಎರಡು ಗಟ್ಟಿ ಬೋರ್ಡುಗಳ ನಡುವೆ ಇರಿಸಿ, ಬೆಂಗಳೂರಿನಲ್ಲಿರುವ ಇಂಟ್ಯಾಕ್ (ಕಲೆ ಮತ್ತು ಸಾಂಸ್ಕೃತಿಕ ಪರಂಪರೆಯ ಭಾರತೀಯ ರಾಷ್ಟ್ರೀಯ ಟ್ರಸ್ಟ್) ಸಂಸ್ಥೆಯ ಕಲಾಕೃತಿ ಸಂರಕ್ಷಣಾ ಕೇಂದ್ರದ ತಜ್ಞರಿಗೆ ತೋರಿಸುವುದು ಉತ್ತಮ.